ಚೀಟಿ ಕೈಗೆ ಬಂತು, ಮೆಸೇಜ್ ಯಾಕೆ ಬರಲಿಲ್ಲ?

ಸಂಘದ ಕಂಪ್ಯೂಟರಿನ ತೆರೆಮರೆಯ ಕೆಲಸಗಳ ಬಗ್ಗೆ ಸದಸ್ಯರಿಗೆ ಒಂದಿಷ್ಟು ಮಾಹಿತಿ



ಮಳೆಗಾಲದ ಒಂದು ಬೆಳಗ್ಗೆ ಹಟ್ಟಿಯಂಗಡಿ ಕಡೆಯ ಹಾಲು ಸಂಗ್ರಹಣಾ ಕೇಂದ್ರದಲ್ಲಿ ನಿಂತಿದ್ದೆ. ಹಾಲು ಅಳೆದಾಯಿತು, ಜಿಡ್ಡು ನೋಡಿ ಆಯಿತು, ಯಂತ್ರ ಚೀಟಿ ಉಗುಳಿತು. ಚೀಟಿ ಸೊಂಟಕ್ಕೆ ಸಿಕ್ಕಿಸಿಕೊಂಡ ಹಿರಿಯ ಸದಸ್ಯೆಯೊಬ್ಬರು ಹೊರಗೆ ಹೋಗುವ ಬದಲು ಜಗಲಿಯಲ್ಲೇ ನಿಂತು ಫೋನು ನೋಡುತ್ತಿದ್ದರು. ಹತ್ತು ನಿಮಿಷ ಕಳೆದ ಮೇಲೆ, "ಎಂತ ಮಾರಾಯ್ರೆ, ಇವತ್ತ್ ಮೆಸೇಜೇ ಬರ್ಲಿಲ್ಲೆ ಅಲ್ದಾ? ನನ್ನ್ ಹಾಲ್ ಬರ್ಕಂಡಿದ್ರಾ ಇಲ್ಯಾ?" ಎಂದು ಕೇಳಿದರು. ಕಾರ್ಯದರ್ಶಿಯವರು "ಬರತ್ತ್ ಅಕ್ಕಾ, ನೆಟ್‌ವರ್ಕ್ ಇಲ್ಲೆ" ಎಂದರು. ಆ ಉತ್ತರ ಸರಿಯೇ. ಆದರೆ ಅಷ್ಟರಿಂದ ಯಾರಿಗೂ ಸಮಾಧಾನ ಆಗುವುದಿಲ್ಲ. ನೆಟ್‌ವರ್ಕ್ ಇಲ್ಲವೆಂದ ಮೇಲೆ ಚೀಟಿ ಹೇಗೆ ಬಂತು? ಚೀಟಿ ಬಂದ ಮೇಲೆ ಮೆಸೇಜ್ ಯಾಕೆ ಬರಬಾರದು? ಹಾಗಾದರೆ ಒಕ್ಕೂಟದ ಲೆಕ್ಕದಲ್ಲಿ ನನ್ನ ಹಾಲು ಇದೆಯೋ ಇಲ್ಲವೋ? ಈ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದೆ ಎಷ್ಟೋ ಸಂಘಗಳಲ್ಲಿ ಕಾರ್ಯದರ್ಶಿಗೂ ಸದಸ್ಯರಿಗೂ ಸುಮ್ಮನೆ ಮಾತಿಗೆ ಮಾತು ಬೆಳೆಯುತ್ತದೆ. ಆದ್ದರಿಂದ ಈ ಲೇಖನ.

ಹಾಲು ಕೊಟ್ಟವರು ಟ್ಯಾಂಕರಿಗೆ ಕಾಯುವುದಿಲ್ಲ

ನೀವು ಹಾಲು ಕೊಟ್ಟ ಮೇಲೆ ಅದು ಬಲ್ಕ್ ಕೂಲರಿಗೆ ಹೋಗುತ್ತದೆ. ಅಲ್ಲಿ 4 ಡಿಗ್ರಿಯವರೆಗೆ ತಣ್ಣಗಾಗಿ ನಿಲ್ಲುತ್ತದೆ. ಅನಂತರ ಯಾವಾಗಲೋ ಟ್ಯಾಂಕರ್ ಬಂದು ತುಂಬಿಸಿಕೊಂಡು ಡೇರಿಗೆ ಒಯ್ಯುತ್ತದೆ. ಟ್ಯಾಂಕರ್ ಬಂದು ಹೋಗುವ ತನಕ ನೀವು ಸಂಘದ ಜಗಲಿಯಲ್ಲಿ ಕುಳಿತಿರುವುದಿಲ್ಲ. ಅಳತೆ, ಪರೀಕ್ಷೆ, ಚೀಟಿ ಮುಗಿಯಿತೆಂದರೆ ಹಟ್ಟಿಯ ಕೆಲಸಕ್ಕೆ ಮರಳುತ್ತೀರಿ. ಕೂಲರ್ ಎನ್ನುವುದು ಇಲ್ಲದೆ, ಪ್ರತಿಯೊಬ್ಬ ಸದಸ್ಯರ ಹಾಲನ್ನೂ ಅವರ ಎದುರಿಗೇ ಮಂಗಳೂರಿಗೆ ಕಳುಹಿಸಿ, ಮುಟ್ಟಿತೆಂಬ ಸುದ್ದಿ ಬಂದ ಮೇಲೆಯೇ ಮುಂದಿನವರ ಪಾತ್ರೆ ತೆಗೆದುಕೊಳ್ಳುವುದಾದರೆ ಸಾಲು ವರಾಹಿ ಹೊಳೆಯ ತನಕ ಬೆಳೆದೀತು.

ಜಾಲಕ್ಕೆ ಜೋಡಿಸಿದ ಹಾಲು ಸಂಗ್ರಹಣಾ ಯಂತ್ರದಲ್ಲಿ ಲೆಕ್ಕ ಹೋಗುವುದೂ ಇದೇ ರೀತಿ. ತಕ್ಕಡಿಯ ಅಂಕಿ, ಜಿಡ್ಡು, ಜಿಡ್ಡೇತರ ಘನಾಂಶ, ದರ, ಚೀಟಿ ಇಷ್ಟು ನಿಮ್ಮ ಕಣ್ಣೆದುರಿನ ಕೆಲಸ. ಇದು ಆ ಕ್ಷಣವೇ ಆಗಬೇಕು, ಮತ್ತು ಸಂಘದ ಕೋಣೆಯೊಳಗೇ ಮುಗಿಯಬೇಕು. ಇದಕ್ಕೆ ಇಂಟರ್‌ನೆಟ್ ಬೇಕಾಗುವಂತೆ ಮಾಡಿದರೆ ಆ ವ್ಯವಸ್ಥೆಯೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಒಕ್ಕೂಟದ ಸರ್ವರಿಗೆ ಲೆಕ್ಕ ಸೇರುವುದು, ನಿಮ್ಮ ಫೋನಿಗೆ ಸಂದೇಶ ಹೊರಡುವುದು, ಇಂದು ಬೆಳಿಗ್ಗೆ ಎಷ್ಟು ಲೀಟರ್ ಆಯಿತೆಂದು ಒಕ್ಕೂಟದ ಕಚೇರಿಯ ಪರದೆಯ ಮೇಲೆ ಕಾಣುವುದು, ಬಟವಾಡೆಯ ಪಟ್ಟಿ ತಯಾರಾಗುವುದು ಇವೆಲ್ಲ ಹಿಂದಿನಿಂದ ನಡೆಯುವ ಕೆಲಸಗಳು. ಕಂಪ್ಯೂಟರ್ ಬಲ್ಲವರು ಇವನ್ನು ಹಿನ್ನೆಲೆ ಕೆಲಸ ಎನ್ನುತ್ತಾರೆ. ಕೆಲವು ಅರೆಕ್ಷಣದಲ್ಲಿ ಆಗುತ್ತವೆ, ಕೆಲವು ಒಂದೆರಡು ನಿಮಿಷದಲ್ಲಿ, ಕೆಲವು ರಾತ್ರಿಯ ಹೊತ್ತಿಗೆ. "ಹೆಚ್ಚು ಕಡಿಮೆ ಆಗಿಂದಾಗ್ಗೆ" ಆಗಬೇಕಾದ ಮೊದಲಿನ ಎರಡು ಬಗೆಯ ಕೆಲಸಗಳ ವಿಚಾರವೇ ಇಲ್ಲಿ ಮುಖ್ಯ.

ಹಳೆಯ ದಿನಗಳ ಕಾಯುವಿಕೆ

ಕಾಯುವುದು ನಮಗೆ ಹೊಸತೇನಲ್ಲ. ಗರ್ಬರ್ ಪರೀಕ್ಷೆಯ ಕಾಲವನ್ನು ಹಳಬರು ಮರೆತಿರಲಾರರು. ಬ್ಯುಟಿರೋಮೀಟರಿಗೆ 10 ಮಿ.ಲೀ. ಗಂಧಕಾಮ್ಲ, ಅದರ ಮೇಲೆ 10.75 ಮಿ.ಲೀ. ಹಾಲು, ಮತ್ತೆ 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಬಿಗಿದು, ಕುಲುಕಿ, ಸೆಂಟ್ರಿಫ್ಯೂಜಿನಲ್ಲಿಟ್ಟು ತಿರುಗಿಸಬೇಕಿತ್ತು. ಸ್ವಿಜರ್ಲೆಂಡಿನ ನಿಕ್ಲಾಸ್ ಗರ್ಬರ್ 1891ರಲ್ಲಿ ಕಂಡುಹಿಡಿದ ಈ ವಿಧಾನ ಇಂದಿಗೂ ಪ್ರಯೋಗಾಲಯಗಳಲ್ಲಿ ನಂಬಿಕೆಯದ್ದೇ. ಆದರೆ ಒಬ್ಬರ ಹಾಲಿಗೆ ಒಮ್ಮೆ ಎಂಬಂತೆ ಸೆಂಟ್ರಿಫ್ಯೂಜ್ ತಿರುಗಿಸಲಾಗುವುದಿಲ್ಲ. ಎಲ್ಲರ ಮಾದರಿಯನ್ನೂ ಶೀಶೆಯಲ್ಲಿ ತೆಗೆದಿಟ್ಟು, ಸಾಲು ಕರಗಿದ ಮೇಲೆ ಪರೀಕ್ಷಕರು ಒಟ್ಟಿಗೆ ಕೂತು ಮಾಡುತ್ತಿದ್ದರು. ನಿಮ್ಮ ಫ್ಯಾಟ್ ಎಷ್ಟೆಂದು ತಿಳಿಯುತ್ತಿದ್ದುದು ಮುಂದಿನ ಹೊತ್ತು ಹಾಲು ತಂದಾಗ. ಕಂಪ್ಯೂಟರಿನ ಭಾಷೆಯಲ್ಲಿ ಇದು ಕಂತಿನ ಕೆಲಸ. ಆ ದಿನಗಳಲ್ಲಿ ಯಾರೂ "ಇನ್ನೂ ಫ್ಯಾಟ್ ಬರಲಿಲ್ಲ" ಎಂದು ಜಗಲಿಯಲ್ಲಿ ನಿಲ್ಲುತ್ತಿರಲಿಲ್ಲ. ತಡವಾಗುತ್ತದೆ ಎಂದು ಮೊದಲೇ ಗೊತ್ತಿತ್ತು. ಈಗ ಎಲ್ಲವೂ ತಟ್ಟನೆ ಆಗುವಂತೆ ಕಾಣುವುದರಿಂದ ಹತ್ತು ನಿಮಿಷದ ತಡವೂ ಅನುಮಾನ ಹುಟ್ಟಿಸುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ

ಸಂದೇಶ ಕಳುಹಿಸುವ ಕೆಲಸವನ್ನು ಚೀಟಿಯ ಜೊತೆಗೇ ಮುಗಿಸಿಬಿಡಬಾರದೇ ಎಂದು ಕೇಳುವವರಿದ್ದಾರೆ. ಕೇವಲ ಲೆಕ್ಕಕ್ಕೆಂದು 700 ಸಂಘ, ಪ್ರತಿ ಸಂಘದಲ್ಲಿ 80 ಮಂದಿ ಎಂದು ಹಿಡಿಯಿರಿ. ಒಂದು ಬೆಳಗ್ಗಿಗೆ 56,000 ದಾಖಲೆಗಳಾದವು. ಹಾಲು ಬರುವುದು ಒಂದೂವರೆ ಗಂಟೆಯಲ್ಲಿ, ಅಂದರೆ 5,400 ಸೆಕೆಂಡಿನಲ್ಲಿ. ಸರ್ವರಿನ ಬಾಗಿಲಿಗೆ ಸೆಕೆಂಡಿಗೆ 10ಕ್ಕಿಂತ ಹೆಚ್ಚು ದಾಖಲೆ ಬಂದು ಬೀಳುತ್ತವೆ. ಒಂದು ಸಂದೇಶವನ್ನು ದೂರಸಂಪರ್ಕ ಕಂಪೆನಿಗೆ ದಾಟಿಸಿ "ಸಿಕ್ಕಿತು" ಎಂಬ ಮರುಮಾತು ಪಡೆಯಲು ಅರ್ಧ ಸೆಕೆಂಡು ಬೇಕೆಂದು ಇಟ್ಟುಕೊಳ್ಳಿ. ಒಬ್ಬನೇ ಕೂತು ಒಂದಾದ ಮೇಲೊಂದರಂತೆ ಕಳುಹಿಸಿದರೆ 28,000 ಸೆಕೆಂಡು, ಅಂದರೆ ಏಳೂಮುಕ್ಕಾಲು ಗಂಟೆ ಆಯಿತು. ಬೆಳಗ್ಗಿನ ಕೊನೆಯ ಸಂದೇಶ ಹೊರಡುವ ಹೊತ್ತಿಗೆ ಊಟ ಮುಗಿದಿರುತ್ತದೆ, ಸಂಜೆಯ ಹಾಲು ಕರೆಯಲು ಹೆಚ್ಚು ಹೊತ್ತಿಲ್ಲ.

ಇದಕ್ಕೆ ಮಾಡುವ ಉಪಾಯ ಸರಳವಾದದ್ದು. ದಾಖಲೆ ಬಂದ ಕೂಡಲೇ ಸರ್ವರ್ ಅದನ್ನು ಬರೆದಿಟ್ಟುಕೊಂಡು "ಸ್ವೀಕರಿಸಿದೆ" ಎಂದಷ್ಟೇ ಹೇಳುತ್ತದೆ. ಉಳಿದ ಕೆಲಸವನ್ನು ಒಂದು ಸರತಿಗೆ ಹಾಕುತ್ತದೆ. ಸರತಿಯಿಂದ ಒಂದೊಂದನ್ನೇ ಎತ್ತಿಕೊಂಡು ಮಾಡಲು ಹಿಂದೆ ಬೇರೆ ಕೆಲಸಗಾರರಿರುತ್ತಾರೆ. ಕೆಲಸಗಾರರೆಂದರೆ ಮನುಷ್ಯರಲ್ಲ, ಬಿಡದೆ ಓಡುವ ಸಣ್ಣ ಸಣ್ಣ ತಂತ್ರಾಂಶಗಳು. ಮೇಲಿನ ಲೆಕ್ಕದಲ್ಲಿ ಒಬ್ಬ ಕೆಲಸಗಾರ ಸೆಕೆಂಡಿಗೆ ಎರಡು ಸಂದೇಶ ಕಳುಹಿಸುತ್ತಾನೆ. ಐವರಿದ್ದರೆ ಸ್ವಲ್ಪ ಸ್ವಲ್ಪವೇ ಹಿಂದೆ ಬೀಳುತ್ತಾರೆ. ಆರು ಜನರಿದ್ದರೆ ಹೇಗೋ ಸರಿದೂಗುತ್ತದೆ. ಹತ್ತು ಜನರನ್ನಿಟ್ಟರೆ ಏಳು ಗಂಟೆಯ ನೂಕುನುಗ್ಗಲಿಗೂ ಸಾಕು. ಆಗ ನಿಮಗೆ ಸಂದೇಶ ಒಂದು ನಿಮಿಷದೊಳಗೆ ಸಿಗಬಹುದು.

ವೆಬ್ಬಿನ ನಿಯಮಾವಳಿಯಲ್ಲೇ ಈ "ಸ್ವೀಕರಿಸಿದೆ" ಎನ್ನುವುದಕ್ಕೆ ಪ್ರತ್ಯೇಕ ಸಂಖ್ಯೆ ಇದೆ. ಕೇಳಿದ ಪುಟ ಸಿಗದಾಗ 404 ಎಂಬ ಸಂಖ್ಯೆ ಕಾಣುವುದನ್ನು ನೀವು ನೋಡಿರಬಹುದು. 200 ಎಂದರೆ ಕೆಲಸ ಸರಿಯಾಗಿ ಆಯಿತು. 202 ಎಂದರೆ ಸ್ವೀಕರಿಸಿದ್ದೇನೆ, ಕೆಲಸ ಇನ್ನೂ ಮುಗಿದಿಲ್ಲ. ಮೊಬೈಲಿನಲ್ಲಿ ಹಣ ಕಳುಹಿಸುವಾಗ ಕೆಲವೊಮ್ಮೆ "ಪೆಂಡಿಂಗ್" ಎಂದು ಬರುವುದೂ ಇದೇ ಬಗೆಯ ಮಾತು. ಆಗ ಹಣ ಹೋಗಲೇ ಇಲ್ಲವೆಂದು ಎರಡನೇ ಸಲ ಕಳುಹಿಸಿ ಪೇಚಿಗೆ ಸಿಕ್ಕಿದವರು ನಮ್ಮಲ್ಲೂ ಕೆಲವರಿದ್ದಾರೆ.

ಹಾರನ್ ಕೇಳಿಸಿಕೊಳ್ಳುವುದೋ, ರಸ್ತೆ ನೋಡುತ್ತಾ ನಿಲ್ಲುವುದೋ

ಸರತಿಯಲ್ಲಿ ಕೆಲಸ ಬಂದಿದೆಯೆಂದು ಕೆಲಸಗಾರನಿಗೆ ತಿಳಿಯುವುದು ಹೇಗೆ? ಎರಡು ದಾರಿಗಳಿವೆ. ಲಾರಿ ಬಂತೇ ಎಂದು ನಿಮಿಷಕ್ಕೊಮ್ಮೆ ರಸ್ತೆಗೆ ಹೋಗಿ ನೋಡಿ ಬರುವುದು ಒಂದು. ಒಳಗೆ ಕೆಲಸ ಮಾಡುತ್ತಿದ್ದು ಹಾರನ್ ಕೇಳಿದಾಗ ಏಳುವುದು ಇನ್ನೊಂದು. ಯುನಿಕ್ಸ್ ಕಂಪ್ಯೂಟರುಗಳಲ್ಲಿ 1970ರ ದಶಕದಿಂದಲೂ ಕ್ರಾನ್ ಎಂಬ ಏರ್ಪಾಡು ಇದೆ. ಗೊತ್ತುಪಡಿಸಿದ ಹೊತ್ತಿಗೆ ಅದು ಕೆಲಸವನ್ನು ಎಬ್ಬಿಸುತ್ತದೆ. ಆದರೆ ಅದರ ಕನಿಷ್ಠ ಅಂತರ ಒಂದು ನಿಮಿಷ. ರಾತ್ರಿಯ ಬಟವಾಡೆ ಪಟ್ಟಿಗೆ ಅದು ಧಾರಾಳ ಸಾಕು. ಸಂದೇಶಕ್ಕೆ ನಿಮಿಷ ದೊಡ್ಡದೇ. ಅದಕ್ಕೆ ಹಾರನ್ ಕೇಳಿ ಏಳುವ ಕೆಲಸಗಾರ ಬೇಕು. ರೆಡಿಸ್, ರ್‍ಯಾಬಿಟ್‌ಎಂಕ್ಯೂ ಮುಂತಾದ ಸರತಿ ತಂತ್ರಾಂಶಗಳು ಇದನ್ನೇ ಮಾಡುತ್ತವೆ. ಕಂಪ್ಯೂಟರ್ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಈ ಹೆಸರುಗಳನ್ನು ಕೇಳಿ ನೋಡಿ, ವಿವರಿಸಿಯಾರು.

ಎಲ್ಲವನ್ನೂ ತಕ್ಷಣ ಮಾಡಬೇಕೆಂಬ ಹಠವೂ ಒಳ್ಳೆಯದಲ್ಲ. ಕೂಲರಿನಲ್ಲಿ ಎಷ್ಟು ಹಾಲಾಗಿದೆಯೆಂದು ಟ್ಯಾಂಕರಿನ ಮಾರ್ಗ ನೋಡುವವರಿಗೆ ಐದು ನಿಮಿಷಕ್ಕೊಮ್ಮೆ ತಿಳಿದರೆ ಧಾರಾಳ. ಬಟವಾಡೆಯ ಮೊತ್ತವನ್ನು ಸೆಕೆಂಡಿಗೊಮ್ಮೆ ಕೂಡಿಸಿ ತೋರಿಸುವ ಸಲಕರಣೆಗೆ ದುಡ್ಡು ಹಾಕುವುದು ಹಿಂಡಿಯ ಮೇಲೆ ಬೆಲ್ಲ ಸುರಿದಂತೆ.

ವಿದ್ಯುತ್ ಹೋದಾಗ ಏನಾಗುತ್ತದೆ

ವರಾಹಿಯ ನೀರಿನಿಂದ ನಮ್ಮ ಹೊಸಂಗಡಿಯಲ್ಲೇ ವಿದ್ಯುತ್ ತಯಾರಾಗುತ್ತದೆ. ಆದರೆ ಜುಲೈ ತಿಂಗಳ ಗಾಳಿಗೆ ಒಂದು ಹಲಸಿನ ಕೊಂಬೆ ತಂತಿಯ ಮೇಲೆ ಬಿದ್ದರೆ ಅದೇ ವರಾಹಿಯ ದಂಡೆಯವರು ಚಿಮಿಣಿ ಹುಡುಕಬೇಕಾಗುತ್ತದೆ. ಮೊಬೈಲ್ ಗೋಪುರಕ್ಕೂ ಅದೇ ಪಾಡು. ಸಂಘದ ಯಂತ್ರ ಬ್ಯಾಟರಿಯಲ್ಲಿ ನಡೆಯುತ್ತದೆ, ಹಾಲು ತೆಗೆದುಕೊಳ್ಳುವುದು ನಿಲ್ಲುವುದಿಲ್ಲ. ಜಾಲ ಮಾತ್ರ ಇಲ್ಲ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ನಿಯಮ ಬರುತ್ತದೆ. ಚೀಟಿ ಮುದ್ರಣವಾಗುವ ಮೊದಲೇ ಆ ದಾಖಲೆ ಸಂಘದ ಯಂತ್ರದ ಸ್ವಂತ ನೆನಪಿನಲ್ಲಿ ಅಚ್ಚಾಗಿರಬೇಕು, ವಿದ್ಯುತ್ ಹೋದರೂ ಅಳಿಯಬಾರದು. ಮೊದಲು ಬರೆಯುವುದು, ಆಮೇಲೆ ಚೀಟಿ, ಆಮೇಲೆ ಕಳುಹಿಸುವುದು. ಈ ಅನುಕ್ರಮ ತಪ್ಪಿದರೆ ಚೀಟಿ ಇದ್ದೂ ಲೆಕ್ಕ ಇಲ್ಲದ ಪರಿಸ್ಥಿತಿ ಬರುತ್ತದೆ. ಅನುಕ್ರಮ ಸರಿಯಿದ್ದರೆ ಬೆಳಗ್ಗಿನ ಐವತ್ತು ದಾಖಲೆಗಳು ಸಂಜೆಯ ತನಕ ಅಲ್ಲೇ ಕಾದು ಕುಳಿತಿದ್ದು, ಜಾಲ ಬಂದಾಗ ಒಂದಾದ ಮೇಲೊಂದು ಹೋಗುತ್ತವೆ. ಆಗಲೂ ಅವು ಬೆಳಗ್ಗಿನ ಹಾಲೆಂದೇ ಸೇರಬೇಕು. ಸರ್ವರಿಗೆ ಮುಟ್ಟಿದ ಹೊತ್ತನ್ನೇ ಹಾಲು ಕೊಟ್ಟ ಹೊತ್ತೆಂದು ಹಿಡಿಯುವ ತಂತ್ರಾಂಶವಾದರೆ ಬೆಳಗ್ಗಿನ ಹಾಲೆಲ್ಲ ಸಂಜೆಯ ಖಾತೆಗೆ ಬೀಳುತ್ತದೆ. ಸಂಘದ ಯಂತ್ರದ ಗಡಿಯಾರ ಸರಿಯಿದೆಯೇ ಎಂದು ಕಾರ್ಯದರ್ಶಿಗಳು ವಾರಕ್ಕೊಮ್ಮೆ ನೋಡಬೇಕೆನ್ನುವುದು ಇದಕ್ಕಾಗಿಯೇ.

ಜಾಲ ಮರಳಿ ಬಂದ ಕ್ಷಣದಲ್ಲಿ ಇನ್ನೊಂದು ತೊಂದರೆ ಇದೆ. ಚೌತಿಯ ದಿನ ಹಟ್ಟಿಯಂಗಡಿ ಸಿದ್ಧಿವಿನಾಯಕನ ಬಾಗಿಲು ತೆರೆದೊಡನೆ ಎಲ್ಲರೂ ಒಟ್ಟಿಗೆ ನುಗ್ಗಿದರೆ ಹೇಗಿದ್ದೀತು? ಹಾಗೆ ಗೋಪುರಕ್ಕೆ ವಿದ್ಯುತ್ ಬಂದೊಡನೆ ಸುತ್ತಲಿನ ಸಂಘಗಳ ಯಂತ್ರಗಳೆಲ್ಲ ಏಕಕಾಲಕ್ಕೆ ಸರ್ವರಿನ ಮೇಲೆ ಬೀಳುತ್ತವೆ. ಅದು ಉಸಿರುಗಟ್ಟಿ ಯಾರಿಗೂ ಉತ್ತರ ಕೊಡದಿದ್ದರೆ ಎಲ್ಲ ಯಂತ್ರಗಳೂ ಮತ್ತೆ ಯತ್ನಿಸುತ್ತವೆ, ನೂಕುನುಗ್ಗಲು ಇನ್ನೂ ಹೆಚ್ಚುತ್ತದೆ. ಆದ್ದರಿಂದ ಒಳ್ಳೆಯ ತಂತ್ರಾಂಶ ಮೊದಲ ಸಲ ಸೋತರೆ ಹತ್ತು ಸೆಕೆಂಡು ಬಿಟ್ಟು, ಮತ್ತೆ ಸೋತರೆ ಅರ್ಧ ನಿಮಿಷ ಬಿಟ್ಟು, ಮತ್ತೂ ಸೋತರೆ ಎರಡು ನಿಮಿಷ, ಹತ್ತು ನಿಮಿಷ ಹೀಗೆ ಅಂತರ ಹೆಚ್ಚಿಸುತ್ತಾ ಹೋಗುತ್ತದೆ. ಎಲ್ಲರೂ ಸರಿಯಾಗಿ ಒಂದೇ ಕ್ಷಣಕ್ಕೆ ಏಳದಂತೆ ಆ ಅಂತರದಲ್ಲೂ ಸ್ವಲ್ಪ ಹೆಚ್ಚುಕಡಿಮೆ ಮಾಡಿರುತ್ತದೆ. ಜಾಲ ಬಂದು ಹತ್ತು ನಿಮಿಷವಾದರೂ ನಿಮ್ಮ ಮೆಸೇಜ್ ಬಾರದಿರುವುದಕ್ಕೆ ಇದೂ ಒಂದು ಕಾರಣ.

ಒಂದೇ ಹಾಲು ಎರಡು ಸಲ

ಈಗ ಹೇಳುವುದು ಸ್ವಲ್ಪ ಗಮನವಿಟ್ಟು ಓದಬೇಕಾದ ವಿಷಯ. ಸಂಘದ ಯಂತ್ರ ನಿಮ್ಮ 6.5 ಲೀಟರಿನ ದಾಖಲೆಯನ್ನು ಕಳುಹಿಸಿತು. ಸರ್ವರ್ ಬರೆದುಕೊಂಡಿತು, "ಸಿಕ್ಕಿತು" ಎಂದಿತು. ಆ ಮರುಮಾತು ಬರುವ ದಾರಿಯಲ್ಲಿ ಜಾಲ ಕಡಿಯಿತು. ಯಂತ್ರಕ್ಕೆ ಉತ್ತರ ಸಿಗಲಿಲ್ಲ, ಹಾಗಾಗಿ ಮತ್ತೆ ಕಳುಹಿಸಿತು. ಸರ್ವರ್ ಮತ್ತೆ ಬರೆದುಕೊಂಡಿತು. 6.5 ಲೀಟರ್ 13 ಲೀಟರ್ ಆಯಿತು! ಯಾರೂ ಮೋಸ ಮಾಡಲಿಲ್ಲ, ಯಾರೂ ತಪ್ಪು ಗುಂಡಿ ಒತ್ತಲಿಲ್ಲ.

ಕೆಲವು ವರ್ಷಗಳ ಹಿಂದೆ ಬೇರೆ ತಾಲೂಕಿನ ಒಂದು ಸಂಘದಲ್ಲಿ ಹೀಗೆ ಆದದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಲೆಕ್ಕದಲ್ಲಿದ್ದ ಹಾಲಿಗಿಂತ ಕೂಲರಿನಲ್ಲಿದ್ದ ಹಾಲು 38 ಲೀಟರ್ ಕಡಿಮೆ. ಹಾಲು ಎಲ್ಲಿ ಹೋಯಿತು? ಮೊದಲ ಸಂಶಯ ಕಾರ್ಯದರ್ಶಿಯ ಮೇಲೆ ಬಿತ್ತು. ಬೇಕಾದವರ ಹೆಸರಿಗೆ ಇಲ್ಲದ ಹಾಲು ಬರೆದಿದ್ದಾರೆಂದು ಊರಲ್ಲಿ ಮಾತಾಯಿತು. ಅವರು ಎರಡು ರಾತ್ರಿ ಕೂತು ಯಂತ್ರದಲ್ಲಿದ್ದ ದಾಖಲೆಗೂ ಸರ್ವರಿನ ಪಟ್ಟಿಗೂ ಒಂದೊಂದಾಗಿ ತಾಳೆ ನೋಡಿದರು. ಆರು ಸದಸ್ಯರ ಹಾಲು ಸರ್ವರಿನಲ್ಲಿ ಎರಡೆರಡು ಸಲ ಇತ್ತು. ಆರೂ ದಾಖಲೆಗಳು ಗುಡುಗು ಬಂದು ಜಾಲ ಹೋಗಿ ಬಂದು ಮಾಡುತ್ತಿದ್ದ ಅದೇ ಹತ್ತು ನಿಮಿಷದವು. ಆ ಎರಡು ದಿನ ಅವರ ಮನೆಯವರು ಅನುಭವಿಸಿದ್ದನ್ನು ಮಾತ್ರ ಯಾವ ತಂತ್ರಾಂಶವೂ ಸರಿಪಡಿಸಲಾರದು.

ಇದಕ್ಕೆ ಪರಿಹಾರ ಪ್ರತಿ ದಾಖಲೆಗೂ ಅದರದ್ದೇ ಆದ ಒಂದು ಗುರುತಿನ ಸಂಖ್ಯೆ. ಅದನ್ನು ಹಾಲು ಅಳೆದ ಯಂತ್ರವೇ ಕೊಡಬೇಕು, ಸರ್ವರ್ ಅಲ್ಲ. ಎರಡನೇ ಸಲ ಅದೇ ಸಂಖ್ಯೆ ಬಂದರೆ ಸರ್ವರ್ "ಇದು ನನ್ನಲ್ಲಿದೆ" ಎಂದು ಹೇಳಿ ಸುಮ್ಮನಾಗುತ್ತದೆ, ಮತ್ತೆ ಬರೆಯುವುದಿಲ್ಲ. ಆಗ ಯಂತ್ರ ಹತ್ತು ಸಲ ಕಳುಹಿಸಿದರೂ ಲೆಕ್ಕಕ್ಕೆ ಸೇರುವುದು ಒಂದೇ ಸಲ. ಸಂಘದ ಸಂಖ್ಯೆ, ತಾರೀಕು, ಬೆಳಿಗ್ಗೆ ಅಥವಾ ಸಂಜೆ, ಸದಸ್ಯರ ಸಂಖ್ಯೆ ಇಷ್ಟನ್ನು ಸೇರಿಸಿದರೆ ಸಾಲದೇ ಎಂದು ಒಬ್ಬರು ಕೇಳಿದ್ದರು. ಸಾಲದು. ನಮ್ಮಲ್ಲಿ ಒಂದೇ ಹೊತ್ತಿನಲ್ಲಿ ಎರಡು ಸಲ ಹಾಲು ತರುವವರಿದ್ದಾರೆ. ಗಂಡ ಮೊದಲ ಪಾತ್ರೆ ತಂದುಕೊಟ್ಟು ಹೋದ ಮೇಲೆ, ತಡವಾಗಿ ಕರೆದ ಇನ್ನೊಂದು ದನದ ಹಾಲನ್ನು ಹೆಂಡತಿ ಅದೇ ಸದಸ್ಯ ಸಂಖ್ಯೆಗೆ ತರುವುದುಂಟು. ಮೇಲಿನ ಲೆಕ್ಕದಲ್ಲಿ ಆಕೆಯ ಹಾಲನ್ನು "ಇದು ನನ್ನಲ್ಲಿದೆ" ಎಂದು ಸರ್ವರ್ ತಳ್ಳಿಬಿಡುತ್ತದೆ. ಹಿಂದಿನ ತಪ್ಪಿನಲ್ಲಿ ಹಾಲು ಎರಡಾಯಿತು, ಇಲ್ಲಿ ಇದ್ದದ್ದೂ ಹೋಯಿತು. ಆದ್ದರಿಂದ ಕೊನೆಗೊಂದು ಕ್ರಮಸಂಖ್ಯೆ ಬೇಕೇ ಬೇಕು. ಸಾಮಾನ್ಯವಾಗಿ ಚೀಟಿಯ ಮೇಲೆ ಒಂದು ಸಂಖ್ಯೆ ಇರುತ್ತದೆ. ಯಾರೂ ಅದನ್ನು ಓದುವುದಿಲ್ಲ, ಆದರೆ ತಕರಾರು ಬಂದ ದಿನ ಲೀಟರಿಗಿಂತ ಮೊದಲು ಕೇಳುವುದು ಅದನ್ನೇ.

ಎಷ್ಟು ಸಲ ಯತ್ನಿಸಿದರೂ ಸೇರದ ದಾಖಲೆಗಳೂ ಇರುತ್ತವೆ. ರದ್ದಾದ ಸದಸ್ಯ ಸಂಖ್ಯೆಗೆ ಬರೆದದ್ದು, ಫ್ಯಾಟ್ ಜಾಗದಲ್ಲಿ 43 ಎಂದು ಬಿದ್ದದ್ದು, ಹೀಗೆ. ಒಡೆದ ಹಾಲಿನ ಕ್ಯಾನನ್ನು ಡೇರಿಯಲ್ಲಿ ಬದಿಗಿಡುವಂತೆ ಇವನ್ನು ಬದಿಗಿಡಬೇಕು. ಇಲ್ಲವಾದರೆ ಅದೊಂದನ್ನೇ ಮತ್ತೆ ಮತ್ತೆ ಯತ್ನಿಸುತ್ತಾ ಹಿಂದಿನವರೆಲ್ಲ ನಿಂತುಬಿಡುತ್ತಾರೆ. ಬದಿಗಿಟ್ಟದ್ದನ್ನು ದಿನಕ್ಕೊಮ್ಮೆಯಾದರೂ ಮನುಷ್ಯರು ನೋಡಬೇಕು. ನನ್ನ ಅನುಭವದಲ್ಲಿ ವ್ಯವಸ್ಥೆ ಸೋಲುವುದು ಹೆಚ್ಚಾಗಿ ಇಲ್ಲಿಯೇ, ಬದಿಗಿಟ್ಟದ್ದನ್ನು ಯಾರು ನೋಡಬೇಕೆಂದು ಯಾರಿಗೂ ಹೇಳಿರುವುದಿಲ್ಲ.

ಸಂದೇಶದ ದಾರಿಯೇ ಬೇರೆ

ಸರ್ವರಿನಿಂದ ಹೊರಟ ಮೇಲೂ ಸಂದೇಶ ನೇರವಾಗಿ ನಿಮ್ಮ ಫೋನಿಗೆ ಬರುವುದಿಲ್ಲ. ದೂರಸಂಪರ್ಕ ಕಂಪೆನಿಯ ಹತ್ತಿರ ಇನ್ನೊಂದು ಸರತಿ ಇದೆ. ಸಂಸ್ಥೆಗಳು ಕಳುಹಿಸುವ ಸಂದೇಶದ ಒಕ್ಕಣೆಯನ್ನು ಮೊದಲೇ ನೋಂದಾಯಿಸಿರಬೇಕೆಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮ. 2021ರ ಮಾರ್ಚ್ 8ರಂದು ಕಂಪೆನಿಗಳು ಇದನ್ನು ಬಿಗಿಯಾಗಿ ಜಾರಿಗೆ ತಂದಾಗ ದೇಶದಾದ್ಯಂತ ಬ್ಯಾಂಕುಗಳ ಒಟಿಪಿಗಳೇ ನಿಂತುಹೋದವು. ಮರುದಿನ ಪ್ರಾಧಿಕಾರ ಅದನ್ನು ಒಂದು ವಾರ ತಡೆಹಿಡಿಯಬೇಕಾಯಿತು. ಇನ್ನೊಂದು ಸಂಗತಿ. ಇಂಗ್ಲಿಷಿನ ಒಂದು ಸಂದೇಶದಲ್ಲಿ 160 ಅಕ್ಷರ ಹಿಡಿಸುತ್ತದೆ, ಕನ್ನಡದಲ್ಲಿ 70 ಮಾತ್ರ. ಗುಡಿಸು, ಕೊಂಬುಗಳನ್ನೂ ಬೇರೆ ಬೇರೆ ಎಣಿಸುವುದರಿಂದ "ಲೀಟರ್" ಎಂಬ ಪದವೇ ಐದಾಗುತ್ತದೆ. ಸಂದೇಶಗಳು ಮೊಟಕಾಗಿ, ಅರ್ಧ ಇಂಗ್ಲಿಷಿನಲ್ಲಿ ಬರುವುದಕ್ಕೆ ಖರ್ಚಿನ ಈ ಲೆಕ್ಕವೂ ಕಾರಣ. ಇದನ್ನು ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಓದಲಾಗದ ಸಂದೇಶ ಕಳುಹಿಸಿ ಉಳಿಸುವ ಪೈಸೆ ಉಳಿತಾಯವಲ್ಲ.

ಆದುದರಿಂದ ಮೆಸೇಜ್ ಬಾರದ ದಿನ ಗಾಬರಿಯಾಗಬೇಕಿಲ್ಲ. ಚೀಟಿ ಜೋಪಾನವಾಗಿಡಿ. ಅದರಲ್ಲಿ ನಿಮ್ಮ ಸದಸ್ಯ ಸಂಖ್ಯೆ, ಲೀಟರ್, ಫ್ಯಾಟ್ ಸರಿಯಿದೆಯೇ ಎಂದು ಅಲ್ಲೇ ನೋಡಿ. ಮರುದಿನವೂ ಬಾರದಿದ್ದರೆ ಕಾರ್ಯದರ್ಶಿಯವರಲ್ಲಿ "ಮೆಸೇಜ್ ಯಾಕೆ ಬರಲಿಲ್ಲ" ಎಂದು ಕೇಳುವ ಬದಲು "ನನ್ನ ನಿನ್ನೆಯ ದಾಖಲೆ ಒಕ್ಕೂಟಕ್ಕೆ ಹೋಗಿದೆಯೇ, ಬಾಕಿ ಇದೆಯೇ" ಎಂದು ಕೇಳಿ. ಬಾಕಿ ಎಷ್ಟಿದೆಯೆಂದು ಯಂತ್ರ ತೋರಿಸಬೇಕು. ತೋರಿಸುವುದಿಲ್ಲವೆಂದಾದರೆ ಸಂಘದ ಸಭೆಯಲ್ಲಿ ಅದನ್ನೇ ವಿಷಯವಾಗಿ ಎತ್ತಿ. ದಾಖಲೆ ಹೋಗಿದ್ದು ಸಂದೇಶ ಮಾತ್ರ ಬಾರದಿದ್ದರೆ ಹೆಚ್ಚಿನ ಸಲ ಫೋನ್ ಸಂಖ್ಯೆ ಬದಲಾಗಿರುತ್ತದೆ, ಇಲ್ಲವೇ ಬೆಂಗಳೂರಿನಲ್ಲಿರುವ ಮಗನ ಸಂಖ್ಯೆ ಕೊಟ್ಟಿದ್ದು ಮರೆತಿರುತ್ತದೆ.

ದಾಖಲೆಯೇ ಹೋಗಿಲ್ಲವೆಂದಾದರೆ ಮಾತ್ರ ಬಿಡಬೇಡಿ. ಬಟವಾಡೆ ಮಾತ್ರವಲ್ಲ, ರಾಜ್ಯ ಸರಕಾರದ ಪ್ರೋತ್ಸಾಹಧನವೂ ಈ ಲೆಕ್ಕವನ್ನೇ ಅವಲಂಬಿಸಿದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾಗಿ, 2013ರಲ್ಲಿ 4 ರೂಪಾಯಿಯಾಗಿ, ಅನಂತರ 5 ರೂಪಾಯಿಗೆ ಏರಿದ ಈ ಹಣ ನೇರವಾಗಿ ಸದಸ್ಯರ ಬ್ಯಾಂಕ್ ಖಾತೆಗೆ ಜಮೆಯಾಗುವಂಥದ್ದು. ದಿನಕ್ಕೆ 10 ಲೀಟರ್ ಕೊಡುವವರ ಒಂದು ವಾರದ ದಾಖಲೆ ಹೀಗೆ ಬದಿಯಲ್ಲಿ ಉಳಿದುಹೋದರೆ ಹಾಲಿನ ಬೆಲೆಯ ಜೊತೆಗೆ, ಲೀಟರಿಗೆ 5 ರೂಪಾಯಿಯ ಲೆಕ್ಕದಲ್ಲಿ 350 ರೂಪಾಯಿಯೂ ನಿಂತಿತು. ಅಂಥ ದಾಖಲೆಯನ್ನು ಬಟವಾಡೆ ಪಟ್ಟಿ ಮುಗಿಯುವ ಮೊದಲು ತೋರಿಸಿದರೆ ಒಂದು ನಿಮಿಷದಲ್ಲಿ ಸರಿಯಾಗುತ್ತದೆ. ಪಟ್ಟಿ ಮುಗಿದ ಮೇಲಾದರೆ ಅರ್ಜಿ, ಚೀಟಿಯ ಪ್ರತಿ, ಆಡಳಿತ ಮಂಡಳಿಯ ಸಹಿ ಎಲ್ಲವೂ ಬೇಕಾಗುತ್ತದೆ. ಉಷ್ಣಕ್ಕೆ ಮೂಡುವ ಅಕ್ಷರದ ಚೀಟಿಗಳು ಬಿಸಿಲಿಗೆ, ಎಣ್ಣೆ ಕೈಗೆ ಬೇಗ ಮಾಸುತ್ತವೆ. ಬಟವಾಡೆ ಕೈಸೇರುವ ತನಕ ಅವನ್ನು ಒಲೆಯ ಹತ್ತಿರದ ಗೂಡಿನಲ್ಲಿಡದೆ ಪಾಸ್‌ಪುಸ್ತಕದ ಒಳಗಿಡಿ.